ಕಮಠಾಣದ ಬಯಲಿನಲ್ಲಿ ಒಂದೇ ಗೆರೆ

ದಾನಿಯೇಲ ಸಾಹೇಬರು ಸಿಳ್ಳೆ ಹಾಕಿದರೆ ಎಂಥ ಹಟಮಾರಿ ಕುದುರೆಯೂ ಉಚ್ಚೆ ಹೊಯ್ಯದೆ ನಿಲ್ಲುತ್ತಿರಲಿಲ್ಲ. ನಗಬೇಡಿ, ಇದು ಸಣ್ಣ ವಿದ್ಯೆಯಲ್ಲ. ನಮ್ಮ ಕಡೆಯ ಟಾಂಗಾ ಶರ್ಯತ್ತಿನಲ್ಲಿ ಓಟಕ್ಕೆ ಮುಂಚೆ ಪ್ರತಿ ಕುದುರೆಯ ಉಚ್ಚೆ ಹಿಡಿದು ಅದರಲ್ಲಿ ಪರೀಕ್ಷೆಯ ಪಟ್ಟಿ ಅದ್ದಬೇಕು. ಎರಡು ಗೆರೆ ಮೂಡಿದರೆ ಕುದುರೆ ಶುದ್ಧ. ಒಂದೇ ಗೆರೆ ಮೂಡಿದರೆ ಮೈಯಲ್ಲಿ ಅಫೀಮು ಇದೆ ಎಂದರ್ಥ. ಆ ಟಾಂಗಾ ಹೊರಗೆ, ವರ್ಷವಿಡೀ ಶರ್ಯತ್ತಿನ ಕಡೆ ಸುಳಿಯುವಂತಿಲ್ಲ. ಭಾಲ್ಕಿಯ ಪಶು ಆಸ್ಪತ್ರೆಯಿಂದ ನಿವೃತ್ತರಾಗಿ ಬೀದರಿನಲ್ಲಿ ನೆಮ್ಮದಿಯಾಗಿದ್ದ ಮನುಷ್ಯನ ಕೊರಳಿಗೆ ಕಮಿಟಿಯವರು ಈ ಕೆಲಸ ಕಟ್ಟಿದ್ದರು.

ಸುಮ್ಮನೆ ಕಟ್ಟಿದ್ದಲ್ಲ. ಹಿಂದಿನ ವರ್ಷ ಔರಾದಿನಲ್ಲಿ ಯಾರೋ ಪಾಪಿಗಳು ಕುಂಟು ಕುದುರೆಗೆ ಅಫೀಮು ತಿನ್ನಿಸಿ ಹೂಡಿದ್ದರು. ಅಫೀಮು ಏರಿದ ಕುದುರೆಗೆ ನೋವೇ ತಿಳಿಯುವುದಿಲ್ಲ, ಮುರಿದ ಕಾಲಿನ ಮೇಲೂ ಓಡುತ್ತದೆ. ಅದು ಓಡಿತು, ಉರುಳಿತು, ಓಡಿಸುತ್ತಿದ್ದವನು ಚಕ್ರದ ಕೆಳಗೆ ಸತ್ತ. ಅವನನ್ನು ಎತ್ತಿದವರಲ್ಲಿ ದಾನಿಯೇಲರೂ ಒಬ್ಬರು. ಅವತ್ತಿನಿಂದ ಅವರಿಗೆ ನಿಯಮವೆಂದರೆ ಬೈಬಲ್ಲಿನ ಮಾತು. ಸ್ವಂತ ತಂಗಿಯ ಮಗ ಜಸ್ಟಿನನ ಕುದುರೆಗೆ ಒಂದೇ ಗೆರೆ ಬಂದಾಗ ಅವನನ್ನೂ ಬಯಲಿನಿಂದ ಆಚೆ ಹಾಕಿದರು. ತಂಗಿ ಹನ್ನಾ ಕ್ರಿಸ್‌ಮಸ್ಸಿಗೆ ಕರ್ಚಿಕಾಯಿ ಕಳಿಸುವುದನ್ನೇ ಬಿಟ್ಟಳು. ಇರಲಿ ಬಿಡು, ಮಗ ಜೀವಂತ ಇದ್ದಾನಲ್ಲ ಎಂದು ಇವರು ಒಬ್ಬರೇ ಚಹಾ ಕುಡಿದರು.

ಇಂಥವರೂ ಒಂದು ಸಲ ಮೆತ್ತಗಾದರು. ಮೆಹಕರದ ಓಟದಲ್ಲಿ ರೇಷ್ಮಾ ಎಂಬ ಕಂದು ಹೆಣ್ಣುಗುದುರೆಗೆ ಒಂದೇ ಗೆರೆ ಬಂತು. ರೇಷ್ಮಾ ಗಾಂಧಿ ಗಂಜ್ ಮಾರುಕಟ್ಟೆಯ ತೊಗರಿ ವ್ಯಾಪಾರಿ ಓಂಪ್ರಕಾಶನದು, ಓಡಿಸುವವನು ಜುಲ್ಫೀಕಾರ. ಆ ಹುಡುಗನ ಮುಖ ಸುಣ್ಣದ ಹಾಗಾಯಿತು. ಆಗ ಅವನ ತಾಯಿ ಮರಿಯಮಬೀ ಮುಂದೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದಳು. ಓಟ ಇದ್ದಾಗೆಲ್ಲ ಆಕೆ ದರ್ಗಾಕ್ಕೆ ಮಾಲೀದಿ ಒಯ್ಯುತ್ತಾಳೆ. ರೊಟ್ಟಿ ಪುಡಿ ಮಾಡಿ, ಬೆಲ್ಲ, ತುಪ್ಪ, ಒಣಕೊಬ್ಬರಿ, ಮೇಲೆ ಕೈತುಂಬ ಖಸಖಸಿ, ಅಂದರೆ ಗಸಗಸೆ. ಅಲ್ಲಿ ಫಾತಿಹಾ ಓದಿಸಿಕೊಂಡು ಬಂದದ್ದರಲ್ಲಿ ದೊಡ್ಡ ಪಾಲು ಕುದುರೆಗೇ. ಖಸಖಸಿ ಅಫೀಮಿನ ಗಿಡದ್ದೇ ಬೀಜವೆಂದು ದಾನಿಯೇಲರಿಗೆ ಗೊತ್ತಿತ್ತು, ಆದರೆ ಬರೀ ಮಾತನ್ನು ನಂಬುವವರಲ್ಲ. ಡಬ್ಬಿಯಲ್ಲಿ ಉಳಿದ ಮಾಲೀದಿಯನ್ನು ಮನೆಗೆ ತಂದು ಹೊಟ್ಟೆ ಬಿರಿಯೆ ತಿಂದರು. ಮರುದಿನ ತಮ್ಮದೇ ಉಚ್ಚೆಯಲ್ಲಿ ಪಟ್ಟಿ ಅದ್ದಿದರು. ಒಂದೇ ಗೆರೆ! ಕಮಿಟಿಯ ಮುಂದೆ ಅದನ್ನು ಹಿಡಿದು, ನಾನೂ ಶರ್ಯತ್ತಿನಿಂದ ಹೊರಗೇನು ಎಂದು ಕೇಳಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ರೇಷ್ಮಾಳ ಮೇಲಿನ ಶಿಕ್ಷೆ ರದ್ದಾಯಿತು. ಮುಂದೆ ಖಸಖಸಿ ಹಾಕಬೇಡ ಎಂದು ಮರಿಯಮಬೀಗೆ ತಾಕೀತು ಮಾಡಿ ಕೈ ತೊಳೆದುಕೊಂಡರು.

ಎಲ್ಲರಿಗಿಂತ ಹೆಚ್ಚು ನಕ್ಕವನು ಓಂಪ್ರಕಾಶ. ಆ ನಗು ಆಗಲೇ ದಾನಿಯೇಲರಿಗೆ ಸರಿಬರಲಿಲ್ಲ.

ಆಮೇಲೆ ಔರಾದಿನ ಓಟ. ರೇಷ್ಮಾ ಗೆದ್ದಳು, ಆದರೆ ಟಾಂಗಾ ಬಿಚ್ಚಿದಾಗ ಮುಂದಿನ ಎಡಗಾಲು ಊರಲು ಹಿಂಜರಿದಳು. ದಾನಿಯೇಲರು ಮುಟ್ಟಿ ನೋಡಿದರೆ ಮೊಣಕಾಲಿನ ಕೆಳಗೆ ಕಾದಿತ್ತು. ಒಂದೆರಡು ತಿಂಗಳು ಹೂಡಬೇಡಿ ಎಂದರು. ಓಂಪ್ರಕಾಶ ಹೂಂಗುಟ್ಟಿದ.

ತಿಂಗಳು ತುಂಬುವ ಮೊದಲೇ ಕಮಠಾಣದಲ್ಲಿ ನಡೆದ ಆ ವರ್ಷದ ಕೊನೆಯ ಓಟಕ್ಕೆ ಅದೇ ರೇಷ್ಮಾ ಬಂದಳು, ಕುಂಟು ಮಂಗಮಾಯ. ಚಳಿಗೆ ಜನ ಕಂಬಳಿ ಹೊದ್ದು ನಿಂತಿದ್ದರೆ ಅವಳ ಕೊರಳಿನಿಂದ ಬೆವರು ಇಳಿಯುತ್ತಿತ್ತು. ಹುಲ್ಲು ಮೂಸಲಿಲ್ಲ. ನಿಂತಲ್ಲೇ ಕಾಲು ಕುಟ್ಟುತ್ತಿದ್ದಳು, ಆ ಎಡಗಾಲನ್ನೂ. ದಾನಿಯೇಲರು ಸಿಳ್ಳೆ ಹಾಕಿ ಡಬ್ಬಿ ಹಿಡಿದರು, ಪಟ್ಟಿ ಅದ್ದಿದರು. ಒಂದು ಗೆರೆ ಮೂಡಿತು. ಎರಡನೆಯದಕ್ಕೆ ಕಾದರು. ಬರಲಿಲ್ಲ.

ಓಂಪ್ರಕಾಶ ಹಿಂದೆಯೇ ನಿಂತಿದ್ದ. "ಮಾಲೀದಿ ತಿಂದಾಳ್ರಿ ಸಾಹೇಬ್ರ. ನಿಮಗ ಗೊತ್ತೇ ಅದಲ್ಲ" ಎಂದ.

ಗೊತ್ತಿತ್ತು. ಗೊತ್ತಿದ್ದದ್ದೇ ಮುಳುವಾಯಿತು. ಇವರೇ ತಿಂದು, ಇವರೇ ಹೊಯ್ದು, ಊರಿಗೆಲ್ಲ ತೋರಿಸಿದ ಮಾತು. ಈಗ ಅಲ್ಲ ಎನ್ನುವುದು ಹೇಗೆ? ಮರಿಯಮಬೀ ಮಾತು ಕೇಳಲಿಲ್ಲ, ತಾಯಿ ಕರುಳು, ಮತ್ತೆ ಖಸಖಸಿ ಹಾಕಿದ್ದಾಳೆ ಎಂದುಕೊಂಡರು. ಟಾಂಗಾದ ಮುಂದಿನ ಉದ್ದ ಮರದ ಮೂಕಿಗೆ ಸುಣ್ಣದ ಗುರುತು ಎಳೆದರು. ಅಂದರೆ ಪಾಸು. ಜುಲ್ಫೀಕಾರ ಸಲಾಂ ಮಾಡಿ ಲಗಾಮು ಹಿಡಿದ.

ಆದರೂ ಮನಸ್ಸು ತಡೆಯದೆ ಹೆಂಗಸರು ಕೂತ ಕಡೆ ಹೋದರು. ಅಷ್ಟು ಹೇಳಿದರೂ ಮತ್ತೆ ಮಾಲೀದಿ ತಿನ್ನಿಸಿದ್ದೀಯಲ್ಲ ಎಂದು ಮರಿಯಮಬೀಯನ್ನು ಗದರಿದರು.

ಆಕೆ ಕಣ್ಣರಳಿಸಿ ನೋಡಿದಳು. "ಈ ಸಲ ಮಾಲೀದಿ ಮಾಡೇ ಇಲ್ಲರಿ ಸಾಹೇಬ್ರ. ನೀವು ಬ್ಯಾಡ ಅಂದ ಮ್ಯಾಲ ಹ್ಯಾಂಗ ಮಾಡ್ಲಿ? ದರ್ಗಾದಾಗ ಬರೇ ಊದಿನ ಹೊಗಿ ಹಾಕಿ ಬಂದೇನಿ."

ದಾನಿಯೇಲರು ತಿರುಗಿ ಓಡಿದರು. ಆ ವಯಸ್ಸಿಗೆ ಎಂಥ ಓಟ! ನಿಲ್ಲಿಸ್ರೋ ನಿಲ್ಲಿಸ್ರೋ ಎಂದು ಕೂಗುತ್ತ ಓಟ ಶುರುವಾಗುವ ಗೆರೆ ಮುಟ್ಟುವಷ್ಟರಲ್ಲಿ ಬಾವುಟ ಇಳಿದಿತ್ತು. ಟಾಂಗಾಗಳು ಎಬ್ಬಿಸಿದ ಧೂಳು ಬಾಯಿಗೇ ಬಂತು.

ರೇಷ್ಮಾ ಮುಂದಿದ್ದಳು. ಅಂಥ ಓಟವನ್ನು ಕಮಠಾಣ ಕಂಡಿರಲಿಲ್ಲ, ಜನ ರುಮಾಲು ಹಾರಿಸಿದರು. ದೂರದ ತಿರುವಿನಲ್ಲಿ ಎಡಗಾಲು ಮುರಿದದ್ದು ದಾನಿಯೇಲರ ಕಣ್ಣಿಗೆ ಬಿತ್ತು. ಗೊರಸು ಬೇರೆ ದಿಕ್ಕಿಗೆ ಅಲ್ಲಾಡುತ್ತಿತ್ತು. ಅವಳು ನಿಲ್ಲಲಿಲ್ಲ. ಜುಲ್ಫೀಕಾರ ಎದ್ದು ನಿಂತು ಮೈಯ ಭಾರವನ್ನೆಲ್ಲ ಲಗಾಮಿಗೆ ಹಾಕಿ ಜಗ್ಗಿದ. ಆಗಲೂ ಅವಳು ನಿಲ್ಲಲಿಲ್ಲ. ಜನರ ಕೂಗು ಒಮ್ಮೆಲೇ ನಿಂತುಹೋಯಿತು. ಆಮೇಲೆ ಕುದುರೆ, ಟಾಂಗಾ, ಹುಡುಗ ಎಲ್ಲ ಒಂದರ ಮೇಲೊಂದು ಉರುಳಿದವು.

ದಾನಿಯೇಲರು ಅಲ್ಲಿಗೆ ಮುಟ್ಟುವ ಹೊತ್ತಿಗೆ ಓಂಪ್ರಕಾಶನ ಜೀಪು ಬಯಲು ದಾಟಿತ್ತು. ಜುಲ್ಫೀಕಾರನನ್ನು ಮೂಕಿಯ ಕೆಳಗಿನಿಂದ ಎಳೆದು ಮಲಗಿಸಿದ್ದರು. ಅವರು ಬಗ್ಗಿ ಮೂಗಿನ ಹತ್ತಿರ ಕೈ ಹಿಡಿದರು, ಎದೆಗೆ ಕಿವಿ ಇಟ್ಟರು. ಏನೂ ಇರಲಿಲ್ಲ. ಪಕ್ಕದಲ್ಲಿ ರೇಷ್ಮಾ ಇನ್ನೂ ಏಳಲು ಹವಣಿಸುತ್ತಿದ್ದಳು.

ಮರಿಯಮಬೀ ಬಂದಳು. ಅಳಲಿಲ್ಲ, ಬೈಯಲಿಲ್ಲ. ಮಗನ ಮುಖದ ಧೂಳನ್ನು ಸೆರಗಿನಿಂದ ಒರೆಸಿ ದಾನಿಯೇಲರ ಕಡೆ ತಿರುಗಿದಳು.

"ಸಾಹೇಬ್ರ, ನೀವು ಪಟ್ಟಿ ನೋಡಿನೇ ಓಡ್ಲಿಕ್ಕ ಬಿಟ್ಟಿದ್ರಲ್ಲರಿ?"

"ಹೌದ್ರಿ ಬೂಬಮ್ಮಾ" ಎಂದರು ದಾನಿಯೇಲರು. "ನೋಡಿನೇ ಬಿಟ್ಟೇನಿ."