ಸಿಂಹಕ್ಕೆ ಹಾಕಿದ ಅಗುಳಿ

ನಾನು ಹುಟ್ಟಿ ಬೆಳೆದದ್ದು ಮೊಂಬಾಸಾದಲ್ಲಿ. ಮನೆಯ ಮಾತು ಕನ್ನಡ, ಕೈಯಲ್ಲಿದ್ದದ್ದು ಪರದೇಶದ ಪಾಸ್‌ಪೋರ್ಟು. ಅರವತ್ತರ ದಶಕದಲ್ಲಿ ವ್ಯವಸಾಯ ಓದಲೆಂದು ಹೆಬ್ಬಾಳಕ್ಕೆ ಬಂದಿಳಿದಾಗ, ಮುಖ ನೋಡಿದವರು ನಮ್ಮವನೇ ಅಂದುಕೊಳ್ಳುತ್ತಿದ್ದರು, ಊರು ಕೇಳಿದ ಮೇಲೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಹಾಸ್ಟೆಲ್ಲಿನಲ್ಲಿ ಜಾಗವಿರಲಿಲ್ಲ. ಬಾಡಿಗೆಗೆ ಕೋಣೆ ಕೇಳಿಕೊಂಡು ಹೋದಲ್ಲೆಲ್ಲ ಒಂದೇ ಪ್ರಶ್ನೆ: "ನಿಮ್ಮೋರು ಅಂತ ಇಲ್ಲಿ ಯಾರಿದಾರೆ?" ಯಾರೂ ಇರಲಿಲ್ಲ. ಪರದೇಶದವನಾದ್ದರಿಂದ ನಾನು ಎಲ್ಲಿರುತ್ತೇನೆಂದು ಪೊಲೀಸರಿಗೆ ತಿಳಿಸಬೇಕಿತ್ತು. ತಿಳಿಸುವುದಕ್ಕೆ ಮೊದಲು ಎಲ್ಲಾದರೂ ಇರಬೇಕಿತ್ತಲ್ಲ.

ಕೊನೆಗೆ ಜಕ್ಕೂರಿನ ಗೌಡರೊಬ್ಬರು ತಮ್ಮ ಮನೆಯ ಮುಂದಿನ ಕೋಣೆ ಕೊಟ್ಟರು. "ದೀಪಾವಳಿ ಗಂಟ ಇರು, ಆಮೇಲೆ ನೋಡಾಣ," ಅಂದರು. ಆ "ನೋಡಾಣ" ನನ್ನ ನಿದ್ದೆ ಕೆಡಿಸಿತು. ಚಿಂತೆ ಮಾಡುವುದರಲ್ಲಿ ನಾನು ಆಗಲೇ ನುರಿತವನು. ಚೊಂಬು ತೆಗೆದರೆ ತೆಗೆದ ಜಾಗದಲ್ಲೇ ಇಡುತ್ತಿದ್ದೆ, ಕೆಮ್ಮು ಬಂದರೆ ಹೊಲದ ಕಡೆ ಹೋಗಿ ಕೆಮ್ಮಿ ಬರುತ್ತಿದ್ದೆ. ಇಂಥವನಿಂದ ಯಾರು ಕೋಣೆ ಬಿಡಿಸುತ್ತಾರೆ ಎಂಬ ಧೈರ್ಯ ಮೂಡುವಷ್ಟರಲ್ಲಿ ಗೌಡರ ಮಗಳನ್ನು ನೋಡಲು ಯಲಹಂಕದ ಕಡೆಯವರು ಬರುವ ದಿನ ಬಂತು.

ಅವತ್ತು ಸಂಜೆ ಗೌಡರು ನೆಂಟರನ್ನು ಕರೆತರಲು ಬಸ್ಸಿನ ಹತ್ತಿರ ಹೋದರು. ಹೆಂಗಸರೆಲ್ಲ ಹಿತ್ತಲ ಕಡೆ ಅಡುಗೆಯ ಗಡಿಬಿಡಿಯಲ್ಲಿದ್ದರು. ಗೌಡರ ತಾಯಿ, ನಾನು ಅಜ್ಜಿ ಎನ್ನುತ್ತಿದ್ದವರು, "ಮುಂದ್ಗಡೆ ಕುಂತಿರು ಮಗ, ನಾಯಿ ಗೀಯಿ ನುಗ್ಗೀತು," ಎಂದು ಹೇಳಿ ಒಳಗೆ ಹೋದರು. ಪಡಸಾಲೆಯಲ್ಲಿ ಹೊಸ ಜಮಖಾನ, ಅದರ ಮೇಲೆ ಬೆಳ್ಳಿ ತಟ್ಟೆ, ಮೂಲೆಯಲ್ಲಿ ಮಡಿಚಿಟ್ಟ ರೇಷ್ಮೆ ಸೀರೆ. ಏರೋಡ್ರೋಮಿನ ಕಡೆ ಆ ದಿನದ ಕೊನೆಯ ಪುಟ್ಟ ವಿಮಾನ ಇಳಿಯಿತು. ಕತ್ತಲಾಗುತ್ತಿತ್ತು. ನಾನು ಕಾವಲಿರುವಾಗಲೇ ಇದೆಲ್ಲ ಕಳುವಾದರೆ? ದಾರಿಯಲ್ಲಿ ಯಾರೋ ಇಬ್ಬರು ಬೀಡಿ ಸೇದುತ್ತ ಹೋದರು. ಅಷ್ಟೇ ಸಾಕಾಯಿತು. ಎದ್ದು ಮುಂಬಾಗಿಲು ಮುಚ್ಚಿ, ಅಡ್ಡಕ್ಕೆ ಹಾಕುವ ದಪ್ಪ ಮರದ ಅಗುಳಿಯನ್ನು ಭುಜ ಕೊಟ್ಟು ತಳ್ಳಿದೆ. ಮಳೆಗೆ ಉಬ್ಬಿದ್ದ ಮರ ಕಿರ್ರೆಂದು ಹೋಗಿ ಕೂತಿತು. ಸಮಾಧಾನವಾಯಿತು.

ದೀಪ ಹಚ್ಚುವಾಗ ಹಿತ್ತಲ ಬಾಗಿಲು ಮುಚ್ಚಿ ಮುಂಬಾಗಿಲು ತೆರೆದಿಡಬೇಕು, ಅದು ಲಕ್ಷ್ಮಿ ಒಳಗೆ ಬರುವ ಹೊತ್ತು ಎಂದು ಇಲ್ಲಿಯ ಮಕ್ಕಳಿಗೂ ಗೊತ್ತು. ಮೊಂಬಾಸಾದಲ್ಲಿ ನಾವಿದ್ದದ್ದು ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ. ಇದ್ದದ್ದು ಒಂದೇ ಬಾಗಿಲು. ಸಂಜೆಯಾದರೆ ಅಪ್ಪ ಅದಕ್ಕೆ ಚಿಲಕ ಹಾಕುತ್ತಿದ್ದ. ಲಕ್ಷ್ಮಿಗೆ ಏನು ಏರ್ಪಾಡಿತ್ತೋ ನಾನು ಕೇಳಿರಲಿಲ್ಲ.

ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ನಗುತ್ತಿದ್ದವರು ನಗು ನಿಲ್ಲಿಸಿದ್ದೂ ಕೇಳಿಸಿತು. ಆಮೇಲೆ ಒಬ್ಬ ಹೆಂಗಸಿನ ದನಿ: "ಇದೇನ್ರಪ್ಪ, ದೀಪ ಅಚ್ಚೋ ಒತ್ನಲ್ಲಿ ಬಾಗ್ಲು ಆಕವ್ರೆ."

ಗೌಡರು ಬಾಗಿಲು ಬಡಿದರು. "ಯಾರ್ಲಾ ಒಳಗೆ? ತೆಗೀರಿ."

ಎಳೆದೆ. ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು ಎಳೆದೆ. "ಬರ್ತಿಲ್ಲ ಗೌಡ್ರೇ. ಹಿತ್ತಲ ಬಾಗ್ಲು ತೆಗ್ದೇ ಇದೆ, ಆ ಕಡೆಯಿಂದ..."

ಮಾತು ಅಲ್ಲಿಗೇ ನಿಲ್ಲಿಸಿದೆ. ಹೆಣ್ಣು ನೋಡಲು ಬಂದವರನ್ನು ಹಿತ್ತಲಿಂದ ಕರೆಯುತ್ತಿದ್ದೆ.

"ವಾಪಸ್ ಕಳ್ಸಕ್ಕೇ ಕರ್ಸವ್ರೇನೋ ನಮ್ಮನ್ನ," ಎಂದಿತು ಅದೇ ದನಿ.

ಅಜ್ಜಿ ಓಡಿಬಂದರು. ನನ್ನನ್ನು ನೋಡಿದರು, ಅಗುಳಿಯನ್ನು ನೋಡಿದರು. ಒಳಗೆ ತಿರುಗಿ, "ಇತ್ಲ ಬಾಗ್ಲು ಆಕ್ರೇ ಮೊದ್ಲು," ಎಂದು ಕೂಗಿ, ಒನಕೆ ತಂದು ನನ್ನ ಕೈಗೆ ಕೊಟ್ಟರು. "ಅಗುಳಿ ಇಡಿಗೆ ಗುದ್ದು."

ಗುದ್ದಿದೆ. ಒಂದೊಂದು ಏಟಿಗೂ ನನ್ನ ಟ್ರಂಕು ಬೀದಿಗೆ ಬಿದ್ದಂತೆ, ನಾನು ಪೊಲೀಸರ ಮುಂದೆ ವಿಳಾಸವಿಲ್ಲದೆ ನಿಂತಂತೆ ಕಾಣುತ್ತಿತ್ತು. ಕೊನೆಗೆ ಅಗುಳಿ ಸರಿಯಿತು.

ನೆಂಟರು ಒಳಗೆ ಬಂದರು, ಮುಖ ಬಿಗಿದುಕೊಂಡೇ. ಗಂಡಿನ ತಾತ ಜಮಖಾನದ ಮೇಲೆ ಕೂತು, ಒನಕೆ ಹಿಡಿದು ನಿಂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾರಿವ್ನು?"

"ಬಾಡಿಗೆಗವ್ನೆ. ಆಫ್ರಿಕಾದಿಂದ ಬಂದೋನು," ಎಂದರು ಗೌಡರು, ನನ್ನ ಕಡೆ ನೋಡದೆ. "ನಾಳೆ ಓಯ್ತಾನೆ."

"ಆಫ್ರಿಕಾನಾ? ಅಲ್ಲಿ ಒತ್ತು ಮುಳುಗಿದ್ರೆ ಸಿಮ್ಮ ಬತ್ತವಂತೆ, ನಿಜವಾ?"

ಎಲ್ಲರೂ ನನ್ನನ್ನೇ ನೋಡಿದರು. ನಮ್ಮ ಬೀದಿಗೆ ಬರುತ್ತಿದ್ದದ್ದು ಹಾಲಿನವನು, ಅಪರೂಪಕ್ಕೊಂದು ಆಡು. ಸಿಂಹವನ್ನು ನಾನು ಚಿತ್ರದಲ್ಲಷ್ಟೇ ಕಂಡಿದ್ದೆ.

"ಬರ್ತವೆ," ಎಂದೆ.

"ಅದ್ಕೇ ಮತ್ತೆ. ಪಾಪ, ಜೀವ ಕೈಲಿಡ್ಕಂಡು ಬೆಳ್ದದೆ ಮಗ." ತಾತ ಸೊಸೆಯ ಕಡೆ ತಿರುಗಿದರು. "ನೋಡವ್ವ, ಬಾಗ್ಲು ಆಕಿದ್ದು ಸಿಮ್ಮಕ್ಕೆ ಕಣವ್ವ. ನಮ್ಗಲ್ಲ."

ಹೊರಗೆ ಮಾತಾಡಿದ ಹೆಂಗಸು ಇವರೇ. ಗಂಡಿನ ತಾಯಿ. ಅವರಿಗೆ ಇನ್ನೂ ಅನುಮಾನ. "ಬಾಗ್ಲಿಗೇ ಬತ್ತವಾ?"

"ಮೆಟ್ಟಿಲ ತನಕ," ಎಂದೆ.

ಒಳಗಡೆ ಕಾಫಿ ಲೋಟಗಳು ತಟ್ಟೆಯಲ್ಲಿ ಗಲಗಲ ಅಂದವು; ಹುಡುಗಿ ನಗು ತಡೆಯುತ್ತಿದ್ದಳು. ಗಂಡಿನ ತಾಯಿ ಆ ಕಡೆ ತಿರುಗಿ ನೋಡಿ, ತಾವೂ ಸ್ವಲ್ಪ ನಕ್ಕರು. ನೆಂಟರು ಏಳುವ ಹೊತ್ತಿಗೆ ತಾಂಬೂಲ ಬದಲಾಯಿಸುವ ಮಾತು ಬಂದಿತ್ತು.

"ನಾಳೆ ಓಯ್ತಾನೆ" ಎಂಬ ಮಾತನ್ನು ಮಾತ್ರ ಯಾರೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಬೆಳಗ್ಗೆ ಟ್ರಂಕು ತುಂಬಿಸಿಕೊಂಡು ಅದರ ಮೇಲೆ ಕೂತಿದ್ದೆ. ಅಜ್ಜಿ ಕಾಫಿ ತಂದರು.

"ಎಲ್ಗೋ ಒಂಟಿದ್ದು?"

"ಗೌಡ್ರು ಹೇಳಿದ್ರಲ್ಲಜ್ಜಿ."

"ಏಳ್ತಾನೆ ಅವ್ನು. ನಾಳೆ ಬೀಗ್ರು ಬಂದು ಸಿಮ್ಮದ್ ಉಡ್ಗ ಎಲ್ಲಿ ಅಂದ್ರೆ ಯಾರ್ನ ತೋರ್ಸಾನ? ಪೆಟ್ಗೆ ಬಿಚ್ಚು." ಹೊಸಿಲು ದಾಟುವಾಗ ನಿಂತರು. "ಇವತ್ತಿಂದ ದೀಪದ ಒತ್ಗೆ ಬಾಗ್ಲು ತೆಗೆಯೋದು ನಿಂದೇ ಕೆಲ್ಸ. ಸಿಮ್ಮ ಮೆಟ್ಲತ್ತಿ ಬರಕ್ಕೆ ಇಲ್ಲಿ ಮೆಟ್ಲೂ ಇಲ್ಲ."

ಅಜ್ಜಿ ನನ್ನ ಸಿಂಹವನ್ನು ಎಷ್ಟು ನಂಬಿದ್ದರೋ, ಕೇಳುವ ಧೈರ್ಯ ಬರಲಿಲ್ಲ. ಓದು ಮುಗಿಯುವವರೆಗೂ ಅದೇ ಕೋಣೆಯಲ್ಲಿದ್ದೆ. ದಿನವೂ ಸಂಜೆ ಮುಂಬಾಗಿಲಿನ ಎರಡೂ ಕದಗಳನ್ನು ಅಗಲವಾಗಿ ತೆರೆದು, ಲಕ್ಷ್ಮಿಗೆ ದಾರಿ ಬಿಟ್ಟು, ಬೀಡಿ ಸೇದುತ್ತ ಹೋಗುವವರನ್ನೆಲ್ಲ ಅನುಮಾನದಿಂದ ನೋಡುತ್ತ ಹೊಸಿಲ ಪಕ್ಕ ಕೂತಿರುತ್ತಿದ್ದೆ.