ಹನುಮಕ್ಕನ ಮೇಲೆ ಎನ್ಕ್ವೈರಿ

ಕಳೆದ ಮಂಗಳವಾರ ನಾನು ಪೊಲೀಸನಾಗಿದ್ದೆ. ಯೂನಿಫಾರ್ಮ್ ಇರಲಿಲ್ಲ, ಲಾಠಿ ಇರಲಿಲ್ಲ. ಇದ್ದದ್ದು ಒಂದು ಡೈರಿ, ಒಂದು ಪೆನ್ನು, ಮಳೆಗೆ ನೆನೆದ ಚಪ್ಪಲಿ. ಹೊಸಪೇಟೆಯಿಂದ ಸಂಡೂರಿನ ತನಕ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ, ಒಬ್ಬ ಕಳ್ಳಿಯನ್ನು ಹಿಡಿಯಲು.

ಕಳ್ಳಿಯ ಹೆಸರು ಹನುಮಕ್ಕ. ಅಪರಾಧ? ನಾವು ಪುಕ್ಕಟೆ ಕೊಟ್ಟ ಅಕ್ಕಿಯನ್ನು ಅಂಗಡಿಗೆ ಹಾಕುತ್ತಿದ್ದಾಳೆ.

ನಾವು ಅಂದರೆ ಅಕ್ಕಿ ಬ್ಯಾಂಕಿನವರು. (ಚೆಕ್‌ಬುಕ್ ಕೇಳಬೇಡಿ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಒಂದು ಕೋಣೆ, ಒಂದಿಷ್ಟು ಚೀಲ, ಚೀಲಕ್ಕಿಂತ ಹೆಚ್ಚು ಇಲಿ, ಇಲಿಗಿಂತ ಹೆಚ್ಚು ಪದಾಧಿಕಾರಿಗಳು.) ಕಾಲುವೆ ನೀರು ಬಂದಮೇಲೆ ಕಂಪ್ಲಿ ಕಡೆ ಅಕ್ಕಿಗೇನು ಬರ? ಮಿಲ್ಲಿನವರು ತಲಾ ಒಂದು ಚೀಲ ಕೊಡುತ್ತಾರೆ. ಅತ್ತ ಸಂಡೂರಿನ ಗುಡ್ಡದಲ್ಲಿ ಮಳೆಗಾಲಕ್ಕೆ ಅದಿರಿನ ಕೆಲಸ ನಿಲ್ಲುತ್ತದೆ. ಕೂಲಿ ಇಲ್ಲ ಅಂದಮೇಲೆ ಒಲೆ ಹೇಗೆ ಹತ್ತೀತು? ಅಂಥ ಮನೆಗಳಿಗೆ ವಾರಕ್ಕೊಮ್ಮೆ ನಮ್ಮ ಅಕ್ಕಿ ಹೋಗುತ್ತದೆ. ಒಳ್ಳೆಯ ಕೆಲಸವೇ, ನಗಬೇಡಿ.

ಹನುಮಕ್ಕನ ಸುದ್ದಿ ಕೇಳಿ ನಮ್ಮ ಅಧ್ಯಕ್ಷರು ಕೆಂಡವಾದರು. ಕಂಪ್ಲಿಯಲ್ಲಿ ರೈಸ್ ಮಿಲ್ಲು ಇಟ್ಟವರು. ಅವರ ಅಕ್ಕಿಯನ್ನು ಯಾರಾದರೂ ಬೇಡ ಅಂದರೆ ಅವರ ಮಗಳನ್ನೇ ಬೇಡ ಅಂದ ಹಾಗೆ. ಲಿಸ್ಟಿನಿಂದ ಹೆಸರು ಹೊಡೀರಿ ಅಂದರು. ಎನ್ಕ್ವೈರಿ ಇಲ್ಲದೆ ಹೆಂಗ್ರೀ ಅಂತ ಯಾರೋ ಕೇಳಿದರು. ಆ ಯಾರೋ ನಾನೇ. ಬಾಯಿ ಬಿಟ್ಟವನ ಹೆಗಲಿಗೇ ಕೆಲಸ ಬಿತ್ತು.

ಸಂಡೂರಿನಲ್ಲಿ ಇಳಿದವನೇ ಮೊದಲು ಅಂಗಡಿಯವನನ್ನು ಹಿಡಿದೆ. ಗದರಿಸಿದರೆ ಹೆದರುತ್ತಾನೆ ಅಂದುಕೊಂಡಿದ್ದೆ. ಆಸಾಮಿ ಸ್ಟೂಲು ಹಾಕಿ, ಚಾ ತರಿಸಿ, ನಿಮ್ಮ ಅಕ್ಕಿ ಮಸ್ತ್ ಐತ್ರಿ, ನಮ್ಮ ಮನಿಯಾಗ ಅದನ್ನೇ ಉಣ್ಣೋದು ಅಂತ ಸರ್ಟಿಫಿಕೇಟ್ ಕೊಟ್ಟ. ಎಷ್ಟು ರೊಕ್ಕ ಕೊಡ್ತೀಯಪ್ಪಾ ಅಂದರೆ, ರೊಕ್ಕ ಎಲ್ಲೀದ್ರಿ, ಆಕಿ ಜೋಳ ಒಯ್ತಾಳ ಅಂದ. ಒಂದು ಸೇರು ಅಕ್ಕಿಗೆ ಒಂದೂವರೆ ಸೇರು ಜೋಳ.

ಈಗ ಡೈರಿಯಲ್ಲಿ ಏನಂತ ಬರೆಯಲಿ?

ಹನುಮಕ್ಕನ ಗುಡಿಸಲಿಗೆ ಹೋದೆ. ಗುಡ್ಡದಿಂದ ಸೌದೆ ಹೊರೆ ತಂದು ಆಗಷ್ಟೇ ಇಳಿಸಿದ್ದಳು. ಅದಿರಿನ ಕೆಲಸ ನಿಂತಮೇಲೆ ಆ ಸೌದೆ ಮಾರಿಯೇ ಇಬ್ಬರು ಹೆಣ್ಣುಮಕ್ಕಳನ್ನು ಸಾಕಬೇಕು. ನಾನು ಪುಕ್ಕಟೆ ಅಕ್ಕಿಯ ಮಹತ್ವದ ಬಗ್ಗೆ ಐದು ನಿಮಿಷ ಭಾಷಣ ಬಿಗಿದೆ. ಪಾಪ, ಪೂರ್ತಿ ಕೇಳಿದಳು. ಆಮೇಲೆ ಬಾಯಿ ಬಿಟ್ಟಳು.

“ಬರೇ ಅನ್ನ ಹೆಂಗ ಉಣ್ಣೋದ್ರಿ? ಸಾರು ಬೇಕು, ಸಾರಿಗೆ ಬ್ಯಾಳಿ ಬೇಕು. ಬ್ಯಾಳಿ ಬ್ಯಾಂಕ್ ಎಲ್ಲೈತ್ರಿ? ರೊಟ್ಟಿ ಆದ್ರ ಒಂದು ಉಳ್ಳಾಗಡ್ಡಿ ಇದ್ರ ಸಾಕು. ಅನ್ನ ಉಂಡು ಗುಡ್ಡ ಹತ್ತಿದ್ರ ಅರ್ಧ ದಾರಿಗೇ ಹಸಿವಾಗ್ತೈತಿ.”

ಮೊದಲ ವಾರ ಅನ್ನಕ್ಕೆ ಉಪ್ಪುನೀರು ಕಲಸಿ ಕೊಟ್ಟಿದ್ದಳಂತೆ. ಸಣ್ಣಾಕಿ ಎರಡು ತುತ್ತಿಗೇ ತಾಟು ದೂಡಿ ಅತ್ತಳಂತೆ. ಇಷ್ಟೆಲ್ಲ ಹೇಳುವಾಗ ಆಕೆಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಗುಡ್ಡದ ಕೆಲಸ ಶುರುವಾಗೋ ತನಕ ಹೆಸರು ಮಾತ್ರ ತಗೀಬ್ಯಾಡ್ರಿ ಅಂತ ಕೇಳಿಕೊಂಡಳು. ನನಗೆ ಭಾಳ ನಾಚಿಕೆಯಾಯಿತು. ಡೈರಿಯನ್ನು ಜೇಬಿಗೆ ತುರುಕಿದೆ.

ಅಲ್ಲ, ಹಸಿದವರಿಗೆ ಏನು ಬೇಕು ಅಂತ ನಾವು ಒಬ್ಬರನ್ನಾದರೂ ಕೇಳಿದ್ದೆವಾ? ನಮ್ಮಲ್ಲಿ ಅಕ್ಕಿ ಇತ್ತು, ಅಕ್ಕಿ ಕೊಟ್ಟೆವು. ಕಾಲುವೆ ಬಂದಮೇಲೆ ನಮಗೆ ಅನ್ನ ಅಂದರೆ ದೊಡ್ಡಸ್ತಿಕೆ, ರೊಟ್ಟಿ ಅಂದರೆ ಹಳೇ ಬಡತನ. (ನಮ್ಮಜ್ಜಿ ಬದುಕಿದ್ದರೆ ಈ ಮಾತಿಗೆ ಬಡಿಗೆ ತಗೊಳ್ಳುತ್ತಿದ್ದಳು.)

ಗುರುವಾರ ಮೀಟಿಂಗ್. ಬೆಳಗ್ಗೆ ಶುರುವಾದದ್ದು ಊಟದ ಹೊತ್ತಿನವರೆಗೆ ಎಳೆಯಿತು. ನಾನು ರಿಪೋರ್ಟ್ ಓದಿದೆ. ಆಕೆ ಕದ್ದು ಮಾರಿಲ್ಲ, ಜೋಳಕ್ಕೆ ಬದಲಾಯಿಸಿಕೊಂಡಿದ್ದಾಳೆ, ಆ ಕಡೆಯ ಮನೆಗಳಿಗೆ ನಾವೇ ಜೋಳ ಕೊಡೋಣ ಅಂದೆ. ಅಧ್ಯಕ್ಷರು ಕನ್ನಡಕ ತೆಗೆದರು.

“ಪುಕ್ಕಟೆ ಕೊಟ್ಟಿದ್ದರಾಗ ಆರಿಸ್ಕೋತಾರೇನು? ಇದು ಹಸಿವಲ್ಲ, ಸೊಕ್ಕು.”

ಸೋಮವಾರ ಹೆಸರು ತೆಗೆಯುವುದು ಅಂತ ತೀರ್ಮಾನವಾಯಿತು. ಅಷ್ಟೊತ್ತಿಗೆ ಅಧ್ಯಕ್ಷರ ಮನೆಯಿಂದ ಟಿಫಿನ್ ಕ್ಯಾರಿಯರ್ ಬಂತು. ಬಿಚ್ಚಿದರು. ಮೂರು ಜೋಳದ ರೊಟ್ಟಿ, ಪುಂಡಿ ಪಲ್ಯ. ಸಕ್ಕರೆ ಕಾಯಿಲೆಯಂತೆ, ಡಾಕ್ಟರು ಅನ್ನ ಬಿಡಿಸಿದ್ದಾರಂತೆ. ರೊಟ್ಟಿ ತಿಂದ್ರ ಸಂಜಿತನಕ ಹೊಟ್ಟಿ ಗಟ್ಟಿ ಇರ್ತೈತಿ ನೋಡ್ರಿ ಅಂತ ನಮಗೆ ಉಪದೇಶ ಬೇರೆ.

ನಾನು ಏನು ಮಾಡಿದೆ ಗೊತ್ತಾ? ಹೌದ್ರಿ ಅಂದೆ. ಅವರು ಮುರಿದುಕೊಟ್ಟ ಚೂರನ್ನೂ ತಿಂದೆ. (ಪಲ್ಯ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ?) ಎದುರಿಗೆ ನಿಂತು ಮಾತಾಡುವ ಗಂಡೆದೆ ಇದ್ದಿದ್ದರೆ ನಾನ್ಯಾಕೆ ಅಂಕಣ ಬರೆಯುತ್ತಿದ್ದೆ?

ಸೋಮವಾರ ಇನ್ನೂ ಬಂದಿಲ್ಲ. ಅಧ್ಯಕ್ಷರೇ, ಭಾನುವಾರ ಈ ಪುಟ ತಪ್ಪದೆ ಓದುತ್ತೇನೆ ಅಂತ ನೀವೇ ಹೇಳಿದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಡಾಕ್ಟರು ಬರೆದುಕೊಟ್ಟರೆ ರೊಟ್ಟಿ ಪಥ್ಯ, ಹನುಮಕ್ಕ ಕೇಳಿದರೆ ಸೊಕ್ಕಾ?