ಮಗ್ಗಿನಲ್ಲಿ ಮೊಗೆದ ಭಾನುವಾರಗಳು

ಬೀದಿಯವರೆಲ್ಲರಿಗೂ ಅವರು ಸಿಸ್ಟರ್. ಮೂವತ್ತಾರು ವರ್ಷ ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿದ್ದವರು. ನಿವೃತ್ತಿಯಾಗಿ ಎರಡು ವರ್ಷವಾದರೂ ಹೆಸರು ಅಂಟಿಕೊಂಡೇ ಇದೆ. ಎಂಬತ್ತು ದಾಟಿದ ಎದುರುಮನೆ ಅಜ್ಜಿ ಕರೆಯುವುದೂ ಸಿಸ್ಟರ್ ಎಂದೇ, ಹಾಲಿನವನು ಕರೆಯುವುದೂ ಹಾಗೆಯೇ. ಹಾಗೆ ಕರೆಯಲಾಗದೆ ಸಿಕ್ಕಿಬಿದ್ದವರು ಗಂಡ ಒಬ್ಬರೇ. ಅವರದು ಮೊದಲಿನಿಂದಲೂ "ಇವಳೇ" ಎಂಬ ಒಂದೇ ಪದ. ಅಷ್ಟರಲ್ಲೇ ಮೂವತ್ತೆರಡು ವರ್ಷದ ಸಂಸಾರ ಸಾಗಿಬಂದಿದೆ.

ಗಂಡ ಪುಸ್ತಕ ಹೊಲಿದು ರಟ್ಟು ಕಟ್ಟುವ ಬೈಂಡರು. ಮಾತು ಕಮ್ಮಿ, ಹಟ ಜಾಸ್ತಿ. ಅವರ ಹಟಗಳಲ್ಲೆಲ್ಲ ದೊಡ್ಡದು ಮುಂದಿನ ಕೋಣೆಯಲ್ಲಿ, ಗೋಡೆಗೆ ತಾಗಿಸಿ ಗಿಡ್ಡ ಮೇಜಿನ ಮೇಲಿಟ್ಟ ಮೀನಿನ ತೊಟ್ಟಿ. ಅರವತ್ತು ಲೀಟರ್ ನೀರು, ತಳದಲ್ಲಿ ಹರಳುಕಲ್ಲು, ನೀರು ಸೋಸುವ ಒಂದು ಸಣ್ಣ ಮೋಟಾರು, ಐದು ಮೀನು. ಅಂಗೈ ಉದ್ದದ ಕಿತ್ತಳೆ ಬಣ್ಣದ ಮೀನಿಗೆ ಮೇಸ್ತ್ರಿ ಎಂದು ಹೆಸರು. ಯಾರು ಏನು ಕೆಲಸ ಮಾಡುತ್ತಿದ್ದರೂ ಅದು ಗಾಜಿನ ಹತ್ತಿರ ಬಂದು ನಿಂತು ನೋಡುತ್ತದೆ, ತಾನು ಮಾತ್ರ ಕಡ್ಡಿ ಎತ್ತಿ ಆಚೆ ಇಡುವುದಿಲ್ಲ.

ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಬೈಂಡರು ತೊಟ್ಟಿಯ ಹಳೆ ನೀರನ್ನು ಮಗ್ಗಿನಲ್ಲಿ ಮೊಗೆದು ಬಕೆಟ್ಟಿಗೆ ತುಂಬಿಸಿ, ಹೊತ್ತು ಬಚ್ಚಲಿಗೆ ಚೆಲ್ಲಿ, ಹಿಂದಿನ ದಿನ ಹಿಡಿದಿಟ್ಟ ನೀರನ್ನು ಮತ್ತೆ ಹೊತ್ತು ತಂದು ಮಗ್ಗಿನಲ್ಲೇ ಸುರಿಯುತ್ತಿದ್ದರು. ಅದು ಎಷ್ಟು ಹೊತ್ತಿನ ಕೆಲಸ ಎಂದು ಸಿಸ್ಟರ್ ನೋಡಿದ್ದೇ ಇಲ್ಲ. ಭಾನುವಾರ ಅವರಿಗೆ ಡ್ಯೂಟಿ. ಚಿಕ್ಕ ಮಕ್ಕಳಿದ್ದ ನರ್ಸುಗಳು ಮನೆಯಲ್ಲಿರಲಿ, ತಮಗೇನು ಮಕ್ಕಳೇ ಮರಿಯೇ ಎಂದು ತಾವಾಗಿಯೇ ಬರೆಸಿಕೊಂಡ ಡ್ಯೂಟಿ ಅದು. ನಿವೃತ್ತಿಯಾದ ಮೇಲೂ ಭಾನುವಾರ ಬಂತೆಂದರೆ ಬಿಪಿ ನೋಡುವ ಪೆಟ್ಟಿಗೆ ಹಿಡಿದು ಬೀದಿಯ ಮನೆಗಳಿಗೆ ಒಂದು ಸುತ್ತು ಹಾಕದಿದ್ದರೆ ಅವರಿಗೆ ಸಮಾಧಾನವಿರಲಿಲ್ಲ.

ಹೀಗಿರುವಾಗ ಬೈಂಡರಿಗೆ ಹರ್ನಿಯಾ ಆಪರೇಷನ್ ಆಯಿತು. ಮೂರು ತಿಂಗಳು ಭಾರ ಎತ್ತಕೂಡದು, ಬಕೆಟ್ಟಂತೂ ಮುಟ್ಟಲೇಬೇಡಿ ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಹತ್ತನೆಯ ದಿನಕ್ಕೇ ಸಿಸ್ಟರ್ ಹೊರಗಿನಿಂದ ಬಂದು ನೋಡಿದರೆ ಈ ಮಹಾರಾಯರು ಹೊಟ್ಟೆಗೆ ಒಂದು ಕೈ ಒತ್ತಿಕೊಂಡು, ಇನ್ನೊಂದರಲ್ಲಿ ಅರ್ಧ ಬಕೆಟ್ ನೀರು ಹಿಡಿದು ಬಚ್ಚಲ ಕಡೆ ಕುಂಟುತ್ತಿದ್ದಾರೆ. ಸಿಸ್ಟರಿಗೆ ಮೈಯೆಲ್ಲ ಉರಿದುಹೋಯಿತು. ತಾವೇ ಎತ್ತೋಣವೆಂದರೆ, ರೋಗಿಗಳನ್ನು ಮಗ್ಗುಲಾಗಿಸಿ ಮಗ್ಗುಲಾಗಿಸಿ ಅವರ ಬಲಭುಜ ಯಾವತ್ತೋ ಕೈಕೊಟ್ಟಿತ್ತು.

"ಮುಂದಿನ ಭಾನುವಾರದವರೆಗೆ ನೋಡ್ತೀನಿ," ಎಂದರು. "ಬಕೆಟ್ ಎತ್ತದೆ ನೀರು ಬದಲಾಯಿಸೋ ದಾರಿ ಇದ್ರೆ ಸರಿ. ಇಲ್ಲಾಂದ್ರೆ ಮೀನು ಅಂಗಡಿಗೆ ವಾಪಸ್. ಇನ್ನೊಂದು ಸಲ ಹೊಲಿಗೆ ಹಾಕಿಸೋಕೆ ನನ್ನ ಕೈಲಿ ಆಗಲ್ಲ."

ಬೈಂಡರು ಬಕೆಟ್ಟನ್ನು ಅಲ್ಲೇ ಇಳಿಸಿದರು. ತೊಟ್ಟಿಯ ಮುಂದೆ ಹೋಗಿ ಕೂತರು. ಮೇಸ್ತ್ರಿ ಬಂದು ಅವರನ್ನು ನೋಡಿತು.

ಸೋಮವಾರ ಸಿಸ್ಟರ್ ಮೀನಿನಂಗಡಿಗೆ ಹೋದದ್ದು ಐದು ಮೀನು ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಕೇಳಲಿಕ್ಕೆ. ಕೇಳುವುದು ಅಲ್ಲೇ ಮರೆತುಹೋಯಿತು. ಅಂಗಡಿಯವನು ಒಂದು ಪ್ಲಾಸ್ಟಿಕ್ ಪೈಪಿನ ತುದಿಯನ್ನು ತೊಟ್ಟಿಯೊಳಗೆ ಇಳಿಬಿಟ್ಟು, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಒಮ್ಮೆ ಎಳೆದು ಮೋರಿಗೆ ಬಿಟ್ಟ. ನೀರು ಗಾಜಿನ ಗೋಡೆಯುದ್ದಕ್ಕೂ ಪೈಪಿನೊಳಗೆ ಮೇಲೇರಿ, ಅಂಚು ದಾಟಿ, ಸುರ್ರನೆ ಕೆಳಗೆ ಹರಿಯತೊಡಗಿತು. ಅವನು ಕೈಕಟ್ಟಿ ನಿಂತ. ಅವನು ಎಂಜಲು ಮಾಡಿದ್ದಕ್ಕೆ ಮುಖ ಕಿವುಚಿದ ಸಿಸ್ಟರ್, ನೀರು ಹತ್ತುವುದನ್ನು ನೋಡಿ ಅದನ್ನೂ ಮರೆತರು.

"ಇದಕ್ಕೆ ಮೋಟಾರ್ ಎಲ್ಲಿದೆ?"

"ಮೋಟಾರ್ ಇಲ್ಲ ಮೇಡಂ. ಸೈಫನ್ ಅಂತಾರೆ."

"ಮತ್ತೆ ನೀರು ಮೇಲಕ್ಕೆ ಹತ್ತುತ್ತಾ ಇದೆಯಲ್ಲ?"

"ಹತ್ತುತ್ತೆ. ಯಾಕೆ ಅಂತ ನಾನೂ ಕೇಳಿಲ್ಲ, ಅದೂ ಹೇಳಿಲ್ಲ." ಅವನು ಪೈಪಿನ ತುದಿ ಸರಿಪಡಿಸುತ್ತಾ ಕೇಳಿದ: "ಯಾಕೆ, ನಿಮ್ಮನೇಲಿ ಇಲ್ವಾ?"

"ಇಲ್ಲಪ್ಪ. ನಮ್ಮದು ಮಗ್ಗು, ಬಕೆಟ್ಟು."

ಅವನು ಒಂದು ಕ್ಷಣ ಅವರ ಮುಖ ನೋಡಿದ, ಏನೋ ಹೇಳಹೊರಟವನು ಬೇರೆ ಗಿರಾಕಿ ಬಂದದ್ದರಿಂದ ಅತ್ತ ತಿರುಗಿದ. ಸಿಸ್ಟರ್ ಆರೇಳು ಮಾರು ಪೈಪು ಕತ್ತರಿಸಿಕೊಂಡು ಮನೆಗೆ ಬಂದರು.

ಬಂದವರಿಗೆ ಆ ಪೈಪು ಬಿಚ್ಚುವ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕಿತ್ತು. ನೀರು ಮೇಲಕ್ಕೆ ಏಕೆ ಹತ್ತುತ್ತದೆ? ಬೀರುವಿನ ಕೆಳಗಿನ ಖಾನೆಯಲ್ಲಿ ಗ್ಲೂಕೋಸ್ ಬಾಟಲಿಗೆ ಸಿಕ್ಕಿಸುವ ಡ್ರಿಪ್ಪಿನ ನಳಿಗೆಯೊಂದು ಹೊಸದಾಗಿಯೇ ಉಳಿದಿತ್ತು. ಒಂದು ಪಾತ್ರೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಇನ್ನೊಂದನ್ನು ನೆಲದ ಮೇಲೆ ಇಟ್ಟರು. ನಳಿಗೆಯನ್ನು ಮೇಲಿನ ಪಾತ್ರೆಯ ನೀರಿನಲ್ಲಿ ಪೂರಾ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ಉಗುರಿನಿಂದ ತಟ್ಟಿ ತಟ್ಟಿ ಗಾಳಿ ಓಡಿಸಿದರು. ರೋಗಿಯ ನರಕ್ಕೆ ಸೂಜಿ ಚುಚ್ಚುವ ಮುಂಚೆ ಸಾವಿರಾರು ಸಲ ಮಾಡಿದ ಕೆಲಸ. ಇಲ್ಲಿ ಅಷ್ಟೊಂದು ಬೇಕಿರಲಿಲ್ಲ, ಆದರೂ ಬೆರಳು ಕೇಳಬೇಕಲ್ಲ. ತುದಿಗೆ ಹೆಬ್ಬೆರಳು ಒತ್ತಿ ಕೆಳಗೆ ತಂದು ಬಿಟ್ಟರು. ನೀರು ಹರಿಯಿತು. ಬಾಯಿ ಹಚ್ಚುವುದೇ ಬೇಕಾಗಲಿಲ್ಲ.

ತುದಿಯನ್ನು ಸ್ವಲ್ಪ ಮೇಲೆತ್ತಿದರು. ಹರಿವು ಸಣ್ಣದಾಯಿತು. ಮೇಲಿನ ಪಾತ್ರೆಯ ನೀರಿನ ಮಟ್ಟಕ್ಕೇ ತಂದರು, ನಿಂತೇಹೋಯಿತು. ಕೆಳಗಿಳಿಸಿದರೆ ಮತ್ತೆ ಶುರು. ಕೆಳಗಿನ ಪಾತ್ರೆ ತುಂಬಿದ ಮೇಲೆ ಅದನ್ನು ಕಟ್ಟೆಗಿಂತ ಎತ್ತರದಲ್ಲಿಟ್ಟು ನೋಡಿದರೆ, ಹೋದ ನೀರೆಲ್ಲ ಬಂದ ದಾರಿಯಲ್ಲೇ ಹಿಂದಕ್ಕೆ. ಸಿಸ್ಟರಿಗೆ ಬೆರಗಾಯಿತು. ಜಗ್ಗುವುದು ಉದ್ದನೆಯ ಕಡೆಯ ನೀರು. ಗಾಳಿ ನಡುವೆ ಬಂದು ಹಿಡಿತ ತಪ್ಪಿಸದಿದ್ದರೆ ಇತ್ತ ಕಡೆಯ ನೀರು ಅದರ ಬೆನ್ನು ಬಿಡದೆ ಹತ್ತಿ ಬರುತ್ತದೆ. ಇಷ್ಟು ವರ್ಷ ಬಾಟಲಿ ಮೇಲೆ, ರೋಗಿ ಕೆಳಗೆ ಎಂದು ನೇತುಹಾಕಿದ್ದೇನೋ ನಿಜ, ಒಂದು ದಿನವಾದರೂ ಹೀಗೆ ನಿಂತು ನೋಡಿರಲಿಲ್ಲವಲ್ಲ ಎನಿಸಿತು. ನೋಡುವುದಕ್ಕೆ ಪುರುಸೊತ್ತೆಲ್ಲಿತ್ತು? ಹನಿ ಎಣಿಸಿ, ವೇಗ ಗೊತ್ತುಮಾಡಿ, ಮುಂದಿನ ಹಾಸಿಗೆಗೆ ಓಡುವುದೇ ಕೆಲಸವಾಗಿತ್ತು.

ಮಂಗಳವಾರವೂ ಅದೇ ಆಟ, ಬುಧವಾರವೂ. ಬೈಂಡರು ಒಂದೆರಡು ಸಲ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ, ತುಟಿಪಿಟಕ್ಕೆನ್ನದೆ ಹೋದರು.

ಗುರುವಾರ ಸಿಸ್ಟರ್ ಗಡಿಯಾರ ಇಟ್ಟುಕೊಂಡು ಅಳೆದರು. ಡ್ರಿಪ್ಪಿನ ನಳಿಗೆಯಲ್ಲಿ ಒಂದು ಲೀಟರ್ ಇಳಿಯಲು ಆರು ನಿಮಿಷ. ತೊಟ್ಟಿಯಿಂದ ತೆಗೆಯಬೇಕಾದದ್ದು ಇಪ್ಪತ್ತು ಲೀಟರ್, ಅಂದರೆ ಎರಡು ಗಂಟೆ. ಅಂಗಡಿಯ ಪೈಪು ನಾಲ್ಕು ಪಟ್ಟು ದಪ್ಪ, ಆದ್ದರಿಂದ ಅರ್ಧ ಗಂಟೆ ಸಾಕು. ಲೆಕ್ಕ ಪಕ್ಕಾ ಎಂದುಕೊಂಡರು. ಪೈಪನ್ನು ಎರಡು ತುಂಡು ಮಾಡಿದರು: ತೊಟ್ಟಿಯಿಂದ ಬಚ್ಚಲಿನವರೆಗೆ ಉದ್ದನೆಯದು, ಹೊಸ ನೀರು ತುಂಬಿಸಲು ಗಿಡ್ಡನೆಯದು. ಶನಿವಾರ ಎತ್ತರದ ಸ್ಟೂಲನ್ನು ತೊಟ್ಟಿಯ ಪಕ್ಕಕ್ಕೆ ಎಳೆದು, ಅದರ ಮೇಲೆ ಖಾಲಿ ಬಕೆಟ್ ಇಟ್ಟು, ಅಡುಗೆಮನೆಯ ನಲ್ಲಿಯಿಂದ ಪೈಪಿನಲ್ಲೇ ನೀರು ಬಿಟ್ಟು ತುಂಬಿಸಿದರು. ಯಾರೂ ಏನನ್ನೂ ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಉದ್ದನೆಯ ಪೈಪಿನ ಒಂದು ತುದಿ ತೊಟ್ಟಿಯ ತಳ ಮುಟ್ಟಿತು, ಇನ್ನೊಂದು ಬಚ್ಚಲ ತೂತಿನ ಮೇಲೆ. ನೀರು ಸರಾಗವಾಗಿ ಹೊರಟಿತು. ಬೈಂಡರು ಒಳಕೋಣೆಯಲ್ಲಿ ಮಲಗಿದ್ದರು. ಸಿಸ್ಟರ್ ಒಮ್ಮೆ ಗಡಿಯಾರ ನೋಡಿದರು. ಅರ್ಧ ಗಂಟೆ ಇದೆಯಲ್ಲ ಎಂದು ಬಿಪಿ ಪೆಟ್ಟಿಗೆ ಹಿಡಿದು ಎದುರುಮನೆ ಅಜ್ಜಿಯನ್ನು ನೋಡಲು ಹೋದರು.

ಅಜ್ಜಿಗೆ ಆವತ್ತು ಮಾತಾಡುವ ಹುರುಪು. ಆದರೂ ಸಿಸ್ಟರ್ ಕಾಲು ಗಂಟೆಗೆಲ್ಲ ಎದ್ದರು. ಬೀದಿ ದಾಟುವಾಗಲೇ ಮುಂದಿನ ಕೋಣೆಯಿಂದ ಗರಗರ ಸದ್ದು ಕೇಳಿಸಿತು. ನೀರು ಸೋಸುವ ಮೋಟಾರು ನೀರಿಲ್ಲದೆ ಒದ್ದಾಡುವ ಸದ್ದು ಅದೆಂದು ಅವರಿಗೆ ಗೊತ್ತಾಗಲಿಲ್ಲ. ಬೈಂಡರಿಗೆ ಗೊತ್ತಾಗಿತ್ತು.

ಒಳಗೆ ಕಾಲಿಟ್ಟು ನೋಡಿದರೆ, ತೊಟ್ಟಿಯಲ್ಲಿ ಮೂರು ಬೆರಳಿನಷ್ಟು ನೀರು ಉಳಿದಿದೆ. ಸಣ್ಣ ಮೀನುಗಳು ಹೇಗೋ ಹರಳುಕಲ್ಲಿಗೆ ಹೊಟ್ಟೆ ಹಚ್ಚಿಕೊಂಡಿವೆ. ಮೇಸ್ತ್ರಿ ಮಾತ್ರ ಮಗ್ಗುಲಾಗಿ ಬಿದ್ದು, ಅರ್ಧ ಮೈ ಗಾಳಿಯಲ್ಲಿ, ಬಾಯಿ ಬಡಿಯುತ್ತಿದೆ. ಬೈಂಡರು ಪೈಪನ್ನು ಕಿತ್ತು ನೆಲಕ್ಕೆಸೆದು, ಸ್ಟೂಲಿನ ಮೇಲಿನ ತುಂಬಿದ ಬಕೆಟ್ಟನ್ನು ಎರಡೂ ಕೈಯಿಂದ ತಬ್ಬಿದ್ದಾರೆ.

"ಕೈ ತೆಗೀರಿ."

ವಾರ್ಡಿನ ದನಿ ಅದು. ಎರಡು ವರ್ಷದಿಂದ ಹೊರಟಿರಲಿಲ್ಲ. ಬೈಂಡರ ಕೈ ಸಡಿಲವಾಯಿತು. ಸಿಸ್ಟರ್ ಗಿಡ್ಡನೆಯ ಪೈಪನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಹೆಬ್ಬೆರಳು ಒತ್ತಿ, ತೊಟ್ಟಿಯೊಳಗೆ ಇಳಿಸಿ ಬಿಟ್ಟರು. ಗುಳ್ಳೆ ತಟ್ಟುತ್ತಾ ಕೂರಲಿಲ್ಲ. ನೀರು ಬಿರುಸಾಗಿ ಇಳಿಯಿತು. ನಾಲ್ಕು ಬೆರಳು, ಒಂದು ಗೇಣು. ಮೇಸ್ತ್ರಿ ಒಮ್ಮೆ ಬಾಲ ಒದರಿ ನೆಟ್ಟಗಾಯಿತು. ಗಾಜಿನ ಹತ್ತಿರ ಬಂದು ಇಬ್ಬರನ್ನೂ ನೋಡಿತು.

ಸಿಸ್ಟರ್ ನೆಲದ ಮೇಲೆ ಕುಸಿದು ಕೂತರು.

"ನಾಲ್ಕು ಪಟ್ಟು ದಪ್ಪ, ನಾಲ್ಕು ಪಟ್ಟು ಬೇಗ ಅಂದ್ಕೊಂಡೆ ಕಣ್ರೀ. ಅದು ಹತ್ತಾರು ಪಟ್ಟು ಬೇಗ ಹೋಗುತ್ತೆ. ಡ್ರಿಪ್ ಹಚ್ಚಿದ ಹಾಗೆ ಹಚ್ಚಿ ಹೊರಟುಬಿಟ್ಟೆ. ನನ್ನದೇ ತಪ್ಪು."

ಬೈಂಡರು ಮೋಟಾರಿನ ಸ್ವಿಚ್ಚು ಆರಿಸಿ, ಮೆಲ್ಲಗೆ ಕುರ್ಚಿಯ ಮೇಲೆ ಕೂತರು. ಆಮೇಲೆ ಬಾಯಿಬಿಟ್ಟರು. "ಪೈಪು ಹಚ್ಚಿದ್ರೆ ಐದು ನಿಮಿಷಕ್ಕೆಲ್ಲ ಮುಗಿಯುತ್ತೆ. ಅಲ್ಲೇ ನಿಂತಿರಬೇಕು."

"ನಿಮಗೆ ಹೇಗೆ ಗೊತ್ತು?"

"ಅಂಗಡಿಯವನು ಮೊದಲನೇ ದಿನವೇ ಒಂದು ಕೊಟ್ಟಿದ್ದ. ಅಟ್ಟದ ಮೇಲಿದೆ."

ಸಿಸ್ಟರ್ ಗಂಡನ ಮುಖವನ್ನೇ ನೋಡಿದರು. ಅಂಗಡಿಯವನು ಆವತ್ತು ಯಾಕೆ ಹಾಗೆ ನೋಡಿದನೆಂದು ಈಗ ಹೊಳೆಯಿತು. "ಹನ್ನೊಂದು ವರ್ಷ ಪೈಪು ಅಟ್ಟದ ಮೇಲಿಟ್ಟು ಮಗ್ಗಲ್ಲಿ ಮೊಗೆದ್ರಾ? ಯಾಕೆ?"

ಬೈಂಡರು ತೊಟ್ಟಿಯ ಕಡೆ ನೋಡುತ್ತಾ ಹೇಳಿದರು. "ಭಾನುವಾರ ನನ್ನ ಬೈಂಡಿಂಗ್ ಅಂಗಡಿಗೆ ರಜಾ. ನೀನು ಡ್ಯೂಟಿಗೆ ಹೋದ್ರೆ ಮನೆ ಬಿಕೋ ಅಂತಿತ್ತು. ಅದಕ್ಕೇ ಮೀನು ತಂದಿದ್ದು. ಮಗ್ಗಲ್ಲಿ ಮಾಡಿದ್ರೆ ಮಧ್ಯಾಹ್ನ ಆಗುತ್ತೆ. ಆಮೇಲೆ ಅಡುಗೆ, ಒಂದು ನಿದ್ದೆ, ಅಷ್ಟೊತ್ತಿಗೆ ನೀನು ಬರ್ತಿದ್ದೆ. ಐದು ನಿಮಿಷಕ್ಕೆ ಮುಗಿದುಹೋದ್ರೆ ಉಳಿದ ಹೊತ್ತು ನಾನೇನು ಮಾಡ್ಲಿ?"

"ಈ ವಾರವಾದ್ರೂ ಹೇಳಬಾರದಿತ್ತಾ? ಅಂಗಡಿಗೆ ವಾಪಸ್ ಕೊಡ್ತೀನಿ ಅಂದಾಗ್ಲೂ ಸುಮ್ಮನಿದ್ರಲ್ಲ."

"ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ನೀನು ಪಾತ್ರೆ ಇಟ್ಕೊಂಡು ಆಟ ಶುರು ಮಾಡಿದೆ. ಮೂರು ದಿನ ಮನೆ ಬಿಟ್ಟು ಎಲ್ಲೂ ಹೋಗಲಿಲ್ಲ. ಹೇಳಿಬಿಟ್ರೆ ಅದೂ ಮುಗಿದುಹೋಗುತ್ತಲ್ಲ ಅಂತ ಸುಮ್ಮನಾದೆ."

ನೀರು ಏಕೆ ಮೇಲಕ್ಕೆ ಹತ್ತುತ್ತದೆ ಎಂದು ವಾರವಿಡೀ ತಲೆ ಕೆಡಿಸಿಕೊಂಡ ಸಿಸ್ಟರ್, ಒಬ್ಬ ಮನುಷ್ಯ ಏಕೆ ಮಗ್ಗು ಹಿಡಿಯುತ್ತಾನೆ ಎಂದು ಹನ್ನೊಂದು ವರ್ಷ ಕೇಳಿರಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡರು. ಮೀನು ಎಲ್ಲಿಗೂ ಹೋಗುವುದಿಲ್ಲವೆಂಬುದು ಅಲ್ಲಿಗೆ ತೀರ್ಮಾನವಾಯಿತು, ಬಾಯಿಬಿಟ್ಟು ಯಾರೂ ಹೇಳಲಿಲ್ಲ.

ಮರು ಭಾನುವಾರ ಬೈಂಡರು ಪುಸ್ತಕ ಹೊಲಿಯುವ ಮೇಣದ ದಾರದಿಂದ ಪೈಪಿನ ತುದಿಯನ್ನು ತೊಟ್ಟಿಯ ನೀರಿನಲ್ಲಿ ಮೂರನೇ ಒಂದು ಪಾಲು ಆಳಕ್ಕೆ ಬಿಗಿದು ಕಟ್ಟಿದರು. ನೀರು ಅಲ್ಲಿಗಿಳಿದ ಕೂಡಲೇ ಪೈಪಿಗೆ ಗಾಳಿ ನುಗ್ಗಿ, ಹರಿಯುವುದು ತಾನಾಗಿಯೇ ನಿಲ್ಲುತ್ತದೆ. ಒಳ್ಳೆಯ ಉಪಾಯ. ಸಿಸ್ಟರ್ ಅಡುಗೆಮನೆಯಲ್ಲಿ ಎರಡು ಸಲ ಪರೀಕ್ಷಿಸಿ ಒಪ್ಪಿಗೆ ಕೊಟ್ಟಿದ್ದರು.

"ಇನ್ನು ಭಯವಿಲ್ಲ ಇವಳೇ," ಎಂದರು ಬೈಂಡರು. "ಯಾರೂ ಕಾಯೋದು ಬೇಡ. ನೀನು ಅಜ್ಜಿನ ನೋಡ್ಕೊಂಡು ಬಾ."

ಸಿಸ್ಟರ್ ಬೈಂಡರ ಸಾಮಾನಿನ ಡಬ್ಬಿ ತೆರೆದು, ರಟ್ಟು ಅಂಟಿಸುವಾಗ ಒತ್ತಿ ಹಿಡಿಯುವ ಸಣ್ಣ ತಿರುಪಿನ ಕ್ಲಾಂಪೊಂದನ್ನು ತೆಗೆದರು. ಅದನ್ನು ಪೈಪಿಗೆ ಸಿಕ್ಕಿಸಿ, ಬಚ್ಚಲಿಗೆ ಬೀಳುವ ನೀರನ್ನು ನೋಡುತ್ತಾ ತಿರುಪು ಬಿಗಿ ಮಾಡುತ್ತಾ ಹೋದರು. ಧಾರೆ ಕಡ್ಡಿಯಷ್ಟಾಯಿತು, ಆಮೇಲೆ ದಾರದಷ್ಟು. ಹನಿ ಎಣಿಸಿ ಬದುಕಿದ ಕಣ್ಣು. ಸರಿಯಾದ ಅಳತೆಗೆ ಬಂದಾಗ ಕೈ ತಾನಾಗಿ ನಿಂತಿತು.

"ಏನು ಮಾಡ್ತಿದ್ದೀಯ? ಹೀಗೆ ಬಿಟ್ರೆ ಮಧ್ಯಾಹ್ನ ಆಗುತ್ತೆ."

"ಆಗ್ಲಿ," ಎಂದು ಸಿಸ್ಟರ್ ಬಿಪಿ ಪೆಟ್ಟಿಗೆಯನ್ನು ಬೀರುವಿನ ಮೇಲಿಟ್ಟು, ಇನ್ನೊಂದು ಕುರ್ಚಿ ಎಳೆದುಕೊಂಡು ಗಂಡನ ಪಕ್ಕ ಕೂತರು.